ಕಬ್ಬಿನ ಪಾಳಿಯ ಸಾಫ್ಟ್‌ವೇರ್

ಇಂಜಿನಿಯರಿಂಗ್ ಮುಗಿದ ಮೇಲೆ ನಾನು ಸೇರಿದ ಕಂಪನಿ ಜಮಖಂಡಿಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿತ್ತು. ಮಾಲೀಕರನ್ನೂ ಸೇರಿಸಿ ನಾವು ನಾಲ್ಕು ಮಂದಿ. ಶಾಲೆಗಳ ಮಾರ್ಕ್ಸ್ ಕಾರ್ಡು, ಪತ್ತಿನ ಸಂಘಗಳ ಲೆಕ್ಕ ಎಂದು ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದವರು. ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆ ನಮ್ಮನ್ನು ಕರೆದಾಗ ಮಾಲೀಕರು ಪೇಢೆ ತರಿಸಿ ಹಂಚಿದರು. ಕಬ್ಬು ಕಟಾವಿನ ಪಾಳಿಯನ್ನು ಕಂಪ್ಯೂಟರಿಗೆ ಹಾಕುವ ಕೆಲಸ. ಅದನ್ನು ನನಗೆ ವಹಿಸಿದರು.

ಕಬ್ಬು ಬಲಿತರೆ ಸಾಲದು, ಕಡಿಯಲು ಕಾರ್ಖಾನೆಯವರು ಪರ್ಮಿಟ್ ಕೊಡಬೇಕು. ತಡವಾದರೆ ಸೂಲಂಗಿಯೆಂಬ ಹೂ ಒಡೆದು, ಒಳಗೆ ಬೆಂಡಾಗಿ, ತೂಕ ಇಳಿದುಹೋಗುತ್ತದೆ. ಯಾರ ಹೊಲ ಮೊದಲು ಎಂಬುದನ್ನು ಅಲ್ಲಿಯವರೆಗೆ ನಿರ್ಧರಿಸುತ್ತಿದ್ದವರು ಕಾರ್ಖಾನೆಯ ಫೀಲ್ಡ್‌ಮನ್‌ಗಳು. ಅವರ ಮೋಟರ್ ಸೈಕಲ್ ಊರೊಳಗೆ ಬಂತೆಂದರೆ ದೊಡ್ಡ ದೊಡ್ಡ ಜಮೀನಿನವರೂ ಎದ್ದು ನಿಲ್ಲುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದ ಕಾಕಾನೂ ಹಾಗೆ ಎದ್ದು ನಿಂತಿದ್ದನ್ನು ನಾನು ರನ್ನ ಬೆಳಗಲಿಯ ನಮ್ಮ ಮನೆಯ ಮುಂದೆಯೇ ನೋಡಿದ್ದೆ. ಕಾಕಾ ಯಾರ ಮುಂದೆಯೂ ತಗ್ಗುವ ಮನುಷ್ಯನಲ್ಲ. ಬೀರೇಶ್ವರನ ಗುಡಿಯಲ್ಲಿ ಡೊಳ್ಳು ಹೊತ್ತರೆ ಉಳಿದವರು ಸರಿದು ದಾರಿ ಬಿಡುತ್ತಿದ್ದರು.

ಆದ್ದರಿಂದ ಆ ಕೆಲಸವನ್ನು ನಾನು ಬರೀ ನೌಕರಿಯೆಂದು ಮಾಡಲಿಲ್ಲ. ಲೋಕಾಪುರದಿಂದ ಈಚೆಗೆ ಹೊಲಹೊಲ ತಿರುಗಿದೆ. ಕಾಲುವೆ ನೀರಿನ ಕಬ್ಬು, ಬಾವಿ ನೀರಿನ ಕಬ್ಬು, ಕಡಿದ ಬುಡದಿಂದ ಮತ್ತೆ ಚಿಗುರಿದ ಕುಳೆ ಕಬ್ಬು ಯಾವುದು ಯಾವಾಗ ಪಕ್ವವಾಗುತ್ತದೆ ಎಂದು ಕೇಳಿ ಕೇಳಿ ತಿಳಿದುಕೊಂಡೆ. ನಾನು ಬರೆದ ಪ್ರೋಗ್ರಾಮಿನ ತಿರುಳು ಬಹಳ ಸರಳವಾಗಿತ್ತು. ಯಾರು ಮೊದಲು ನಾಟಿ ಮಾಡಿದ್ದಾರೋ ಅವರದು ಮೊದಲು ಕಡಿಯಬೇಕು. ಮಾಡಿದವನು ದೊಡ್ಡ ಗೌಡನೋ ಕುರಿ ಕಾಯುವವನೋ ಎಂದು ಕೇಳುವ ಜಾಗವನ್ನೇ ಅದರಲ್ಲಿ ಇಟ್ಟಿರಲಿಲ್ಲ.

ಮೊದಲ ಹಂಗಾಮು ನಾನೆಂದುಕೊಂಡಂತೆಯೇ ನಡೆಯಿತು. ಕಾರ್ಖಾನೆಯ ಕಬ್ಬಿನ ವಿಭಾಗದ ಕಿಟಕಿಯಲ್ಲಿ ಒಂದು ಪರದೆ ಇಡಿಸಿದ್ದೆ. ರೈತರು ಬಂದು ತಮ್ಮ ಪಾಳಿ ಎಷ್ಟನೆಯದೆಂದು ತಾವೇ ನೋಡಿಕೊಂಡು ಹೋಗುತ್ತಿದ್ದರು. ಕಾಕಾ ಚಹಾದಂಗಡಿಯಲ್ಲಿ ಕುಳಿತು, "ಅದನ್ನ ನಮ್ಮ ಹುಡುಗಿ ಮಾಡ್ಯಾಳ. ಇನ್ನ ಯಾರಿಗೂ ನಮಸ್ಕಾರ ಹೊಡಿಯೂದು ಬ್ಯಾಡ" ಎಂದು ಹೇಳುತ್ತಿದ್ದನಂತೆ.

ಎರಡನೆಯ ಹಂಗಾಮು ಶುರುವಾಗುವ ಮೊದಲು ಕಬ್ಬಿನ ವಿಭಾಗದ ಅಧಿಕಾರಿ ನನ್ನನ್ನೂ ಮಾಲೀಕರನ್ನೂ ಕರೆಸಿದರು. ಮೃದು ಮಾತಿನ ಮನುಷ್ಯ.

"ಸಾಫ್ಟ್‌ವೇರ್ ಭಾಳ ಛಲೋ ಐತ್ರಿ ಮೇಡಂ. ಒಂದು ಸಣ್ಣ ಬದಲಾವಣಿ ಬೇಕಾಗೇತಿ. ಕೆಲವೊಂದು ಹೊಲಾನ ನಾವು ಮುಂದ ತರೂ ಹಂಗ ಒಂದು ಬಟನ್ ಕೊಡ್ರಿ."

"ಯಾವ ಹೊಲಾರೀ?"

"ಅದು ನಮಗ ಬಿಡ್ರಿ."

"ಮುಂದ ತರ್ರಿ ಸರ್, ಆದ್ರ ಯಾಕ ತಂದ್ರಿ ಅನ್ನೂದನ್ನ ಕಿಟಕಿ ಪರದೆ ಮ್ಯಾಲ ಬರೂ ಹಂಗ ಮಾಡತೇನಿ. ಬೆಂಕಿ ಬಿದ್ದಿದ್ರ ಬೆಂಕಿ ಬಿದ್ದೈತಿ ಅಂತ, ನದಿ ನೀರು ನುಗ್ಗಿದ್ರ ನೀರು ನುಗ್ಗೇತಿ ಅಂತ."

ಅವರು ನಕ್ಕು ಮಾಲೀಕರ ಕಡೆ ನೋಡಿದರು. ನಾನು ಮಾಲೀಕರೊಡನೆ ಜಮಖಂಡಿಗೆ ಮರಳಿದೆ. ಆಫೀಸಿನ ಮೆಟ್ಟಿಲು ಹತ್ತುವಾಗ ಅವರು, "ನೋಡವ್ವಾ, ಅವರ ಮನಿ ಕೆಲಸ, ಅವರು ಹೇಳಿದ್ದು ಮಾಡಿ ಕೊಡೂದು ಅಷ್ಟ. ನಾವೇನು ನ್ಯಾಯಾಧೀಶರೇನು?" ಎಂದರು. ನನ್ನಿಂದ ಆಗುವುದಿಲ್ಲವೆಂದೆ. ಮರುದಿನ ಆ ಕೆಲಸ ನನ್ನ ಪಕ್ಕದ ಮೇಜಿನ ಹೊಸ ಇಂಜಿನಿಯರನ ಪಾಲಾಯಿತು. ನನ್ನನ್ನು ಮತ್ತೆ ಮಾರ್ಕ್ಸ್ ಕಾರ್ಡಿಗೆ ಕೂರಿಸಿದರು.

ನಾನು ಆ ಪ್ರೋಗ್ರಾಮನ್ನು ಬಹಳ ಅಚ್ಚುಕಟ್ಟಾಗಿ ಬರೆದಿದ್ದೆ. ಯಾವ ಸಾಲು ಏನು ಮಾಡುತ್ತದೆಂದು ಪಕ್ಕದಲ್ಲೇ ವಿವರಿಸಿದ್ದೆ, ನಾಳೆ ನಾನಿಲ್ಲದಿದ್ದರೂ ಯಾರಿಗೂ ತೊಡಕಾಗಬಾರದೆಂದು. ಅವನಿಗೆ ತೊಡಕಾಗಲಿಲ್ಲ. ಬೇಗನೆ ಮುಗಿಸಿ ಬಂದು, "ನಿಮ್ಮ ಕೋಡ್ ಎಷ್ಟು ಸ್ವಚ್ಛ ಐತ್ರಿ ಅಕ್ಕಾರ, ಎಲ್ಲಿ ಕೈ ಹಾಕಬೇಕು ಅಂತ ಕೂಡಲೇ ಗೊತ್ತಾತು" ಎಂದ. ಅವನು ಮನಸಾರೆ ಹೊಗಳಿದ್ದ. ನಾನು ಎದ್ದು ಹೊರಗೆ ಹೋಗಿ ಗ್ಯಾಲರಿಯಲ್ಲಿ ನಿಂತೆ.

ಆ ವರ್ಷ ಕಾಕಾನ ಕಬ್ಬು ಊರಿನಲ್ಲೇ ಎಲ್ಲರಿಗಿಂತ ಮೊದಲು ನಾಟಿಯಾಗಿತ್ತು. ಪಾಳಿ ಮಾತ್ರ ಕಿಟಕಿಗೆ ಹೋದಾಗಲೆಲ್ಲ ಹಿಂದೆ ಸರಿದಿರುತ್ತಿತ್ತು. ಹೊಲದ ತುಂಬ ಸೂಲಂಗಿ ಬಿಳಿಬಿಳಿ ಎದ್ದಿತು. ಕಾಕಾ ಒಳಗೆ ಹೋಗಿ ಕೇಳಿದ್ದಕ್ಕೆ ಗುಮಾಸ್ತ, "ನಾವೇನ್ ಮಾಡೂನ್ರಿ, ಕಂಪ್ಯೂಟರ್ ಹೇಳಿದಂಗ. ನಿಮ್ಮ ಮನಿ ಹುಡುಗೀನ ಅಲ್ಲೇನ್ರಿ ಮಾಡಿದ್ದು? ಆಕೀನ್ನ ಕೇಳ್ರಿ" ಎಂದನಂತೆ.

ಕಾಕಾ ಅಲ್ಲಿಂದ ಬಸ್ಸು ಹಿಡಿದು ನೇರವಾಗಿ ನನ್ನ ಆಫೀಸಿಗೆ ಬಂದ. ಕೂಡು ಎಂದರೆ ಕೂಡಲಿಲ್ಲ.

"ಯವ್ವಾ, ಅದು ನೀ ಬರದದ್ದು ಹೌದೋ ಅಲ್ಲೋ?"

"ಬರದದ್ದು ನಾನ ಕಾಕಾ. ಆಮ್ಯಾಲ ಅವರು ತಿದ್ಯಾರ."

"ತಿದ್ದಾಕ ಬರೂ ಹಂಗ ಯಾಕ ಬರದಿ?"

ತಿದ್ದಲು ಬಾರದಂಥ ಸಾಫ್ಟ್‌ವೇರ್ ಇರುವುದಿಲ್ಲ. ಹಾಗೆಂದು ಹೇಳಿದ್ದರೆ ಅದು ತಪ್ಪಿಸಿಕೊಳ್ಳುವ ಮಾತಿನ ಹಾಗೆಯೇ ಕೇಳಿಸುತ್ತಿತ್ತು.

ಅವನನ್ನು ಕರೆದುಕೊಂಡು ಕಾರ್ಖಾನೆಗೆ ಹೋದೆ. ಅಧಿಕಾರಿ ಚಹಾ ತರಿಸಿದರು. "ಸಾಫ್ಟ್‌ವೇರ್ ನಿಮ್ಮದಲ್ಲರಿ ಮೇಡಂ, ನಿಮ್ಮ ಕಂಪನೀದು. ನಿಮ್ಮ ಕಂಪನೀದೂ ಅಲ್ಲ, ಈಗ ನಮ್ಮದು" ಎಂದು ಅದೇ ಮೃದು ದನಿಯಲ್ಲಿ ಹೇಳಿದರು. ಕಾಕಾ ಚಹಾ ಮುಟ್ಟಲಿಲ್ಲ.

ಹೊರಗೆ ಕಿಟಕಿಯ ಮುಂದೆ ಇಪ್ಪತ್ತು ಮೂವತ್ತು ಜನ ನಿಂತಿದ್ದರು. ನಾನು ಅವರಿಗೆ ಎಲ್ಲವನ್ನೂ ಹೇಳಿದೆ. ಪಾಳಿ ಹೇಗಿರಬೇಕಿತ್ತು, ಎಲ್ಲಿ ಬದಲಾಯಿಸಿದ್ದಾರೆ, ಒಳಗೆ ಕುಳಿತವರು ಹೇಗೆ ಹೊಲಗಳನ್ನು ಮುಂದೆ ತರುತ್ತಿದ್ದಾರೆ ಎಂದು. ಜಗಳವಾಗುತ್ತದೆ, ಗದ್ದಲವಾಗುತ್ತದೆ ಎಂದುಕೊಂಡಿದ್ದೆ. ಜನ ಕೇಳಿಸಿಕೊಂಡರು, ಅಷ್ಟೆ. ಅನಗವಾಡಿಯ ತನ್ನ ಹೊಲ ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ಬೀಳಗಿ ಕಡೆಯಿಂದ ಇಲ್ಲಿಗೆ ಬಂದು ಕಬ್ಬು ನೆಟ್ಟಿದ್ದ ಒಬ್ಬ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೇಳಿದಳು:

"ಮೊದಲಾದ್ರ ಫೀಲ್ಡ್‌ಮನ್ ಅಂತ ಒಬ್ಬ ಮನಷ್ಯಾ ಇದ್ದ ತಂಗಿ. ಹಾದ್ಯಾಗ ಅಡ್ಡ ಹಾಕಿ ಬೈತಿದ್ವಿ. ಈಗ ಈ ಪೆಟಗಿಗೆ ಏನಂತ ಬೈಯೂನು?"

ಪರದೆಯಲ್ಲಿ ಅಂಕಿಗಳು ಸರಿಯುತ್ತಲೇ ಇದ್ದವು. ಜನ ಮತ್ತೆ ತಮ್ಮ ಪಾಳಿ ಹುಡುಕತೊಡಗಿದರು.

ನಾನು ಅದೇ ವಾರ ಕೆಲಸ ಬಿಟ್ಟೆ. ಬಿಡಬೇಡವೆಂದು ಮಾಲೀಕರು ಒತ್ತಾಯಿಸಲಿಲ್ಲ. ಕಾಕಾ ಪರ್ಮಿಟ್ ಕಾಯದೆ, ಒಣಗಿದ ಕಬ್ಬನ್ನು ಸಿಕ್ಕಷ್ಟಕ್ಕೆ ಬೆಲ್ಲದ ಗಾಣಕ್ಕೆ ಹಾಕಿದ. ಮರುವರ್ಷ ಆ ಹೊಲದಲ್ಲಿ ಅರಿಶಿನ ನೆಟ್ಟ.

ಹುಬ್ಬಳ್ಳಿಯ ಇಂಟರ್‌ವ್ಯೂ ಒಂದರಲ್ಲಿ ನಾನು ಮಾಡಿದ ಪ್ರಾಜೆಕ್ಟುಗಳ ಬಗ್ಗೆ ಕೇಳಿದರು. ಕಬ್ಬಿನ ಪಾಳಿಯ ಕೆಲಸ ಹೇಳಿದೆ. ಅವರಲ್ಲೊಬ್ಬರಿಗೆ ಅದು ಗೊತ್ತಿತ್ತು. ನಮ್ಮ ಹಳೆಯ ಮಾಲೀಕರು ಅದನ್ನು ಇನ್ನೂ ಎರಡು ಕಾರ್ಖಾನೆಗಳಿಗೆ ಮಾರಿದ್ದರಂತೆ. "ರೈತರಿಗೆ ಎಂಥ ಉಪಕಾರ ಆಗಿದೆ ನೋಡಿ" ಎಂದು ಅವರು ಮೆಚ್ಚಿಕೊಂಡರು. ಕೆಲಸ ಸಿಕ್ಕಿತು, ಅದೂ ಆ ಪ್ರಾಜೆಕ್ಟಿನಿಂದಲೇ. ನಾನು ಹೋಗಲಿಲ್ಲ. ಬನಹಟ್ಟಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿದೆ. ಮಗ್ಗದ ಮನೆಗಳಿಂದ ಬರುವ ಹುಡುಗಿಯರಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತೇನೆ.

ಕಾಕಾ ನನ್ನೊಡನೆ ಮಾತು ಬಿಡಲಿಲ್ಲ. ಊಟ ಆತೇನು, ಮೈಯಾಗ ಆರಾಮ ಅದಿಯೇನು ಎಂದು ಕೇಳುತ್ತಾನೆ. ಏನು ಕೆಲಸ ಮಾಡಾಕತ್ತಿ ಎಂದು ಮಾತ್ರ ಅಂದಿನಿಂದ ಒಮ್ಮೆಯೂ ಕೇಳಿಲ್ಲ.