ನಮ್ಮತ್ತೆಗಾಗಿ ಕುಂಟ ಓಡಿದ ಶನಿವಾರ

ಪುರಟ್ಟಾಸಿ ಎಂಬ ತಮಿಳು ತಿಂಗಳ ಶನಿವಾರ ಮಧ್ಯಾಹ್ನ ನಮ್ಮತ್ತೆಯ ಫೋಟೋ ನಮ್ಮ ಏರಿಯಾದ ವಾಟ್ಸಾಪ್ ಗ್ರೂಪಿನಲ್ಲಿ ಬಂತು. ಹಣೆ ತುಂಬ ನಾಮ, ಹಳದಿ ಸೀರೆ, ಕೈಯಲ್ಲಿ ತುಳಸಿ ಸುತ್ತಿದ ಚೊಂಬು. ಕೆಳಗೆ ತಮಿಳಿನಲ್ಲಿ ಬರೆದಿತ್ತು: "ಪೆರುಮಾಳ್ ಹೆಸರು ಹೇಳಿಕೊಂಡು ಬರುವ ಮೋಸಗಾತಿ. ಯಾರೂ ಗೇಟು ತೆಗೆಯಬೇಡಿ."

ಪೆರುಮಾಳ್ ಅಂದರೆ ನಮ್ಮ ವೆಂಕಟರಮಣನೇ. ಅವನನ್ನು ನಂಬಿದ ಅಕ್ಕತಂಗಿಯರೇ, ಅದನ್ನು ನೋಡಿ ನನಗೆ ಸಿಟ್ಟು ಬರಲಿಲ್ಲ. "ಸಿಕ್ಕಿದರು!" ಎಂದು ಕೂಗಿಬಿಟ್ಟೆ. ಬೆಳಿಗ್ಗೆ ಮನೆ ಬಿಟ್ಟ ಅತ್ತೆ ಅಲ್ಲಿಯವರೆಗೂ ಹಿಂದಿರುಗಿರಲಿಲ್ಲ.

ನಮ್ಮದು ಧರ್ಮಪುರಿ ಕಡೆ ಕಂಬೈನಲ್ಲೂರಿನ ಹತ್ತಿರದ ಹಳ್ಳಿ, ಮನೆಮಾತು ಕನ್ನಡ. ಪುರಟ್ಟಾಸಿ ಶನಿವಾರ ನಮ್ಮ ಮನೆತನದ ಹಿರಿಯ ಹೆಂಗಸು ಬೀದಿ ಬೀದಿ ತಿರುಗಿ ಪಡಿ ಬೇಡಬೇಕು. ಬೇಡಿ ತಂದ ಅಕ್ಕಿಯಲ್ಲೇ ಅನ್ನ ಮಾಡಿ ಸ್ವಾಮಿಗೆ ಎಡೆ ಇಟ್ಟು, ಆಮೇಲೆ ಊಟ. ಚೊಂಬು ಕೈಯಲ್ಲಿರುವವರೆಗೆ "ಗೋವಿಂದ" ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಯಾರ ಮನೆಯವರು ಎಂದೂ ಹೇಳುವಂತಿಲ್ಲ. ಊರಿನಲ್ಲಿ ಯಾರೂ ಕೇಳುವುದೂ ಇಲ್ಲ, ಎಲ್ಲರಿಗೂ ಗೊತ್ತು. ಆದರೆ ನಾವು ಸೇಲಂನ ಈ ಹೊಸ ಬಡಾವಣೆಗೆ ಬಂದು ಇನ್ನೂ ಬೀದಿಯವರ ಪರಿಚಯವೂ ಆಗಿರಲಿಲ್ಲ.

"ನಾನೂ ಜೊತೆಗೆ ಬರ್ತೀನಿ ಅತ್ತೆ, ಶುಗರ್ ಮಾತ್ರೆ ನುಂಗಿದ್ದೀರಿ, ಬರಿ ಹೊಟ್ಟೆ" ಎಂದೆ.

"ನೀನ್ ಒಲೆ ಮ್ಯಾಲೆ ಎಸರಿಡಮ್ಮಿ. ಎಸರು ಕುದಿಯಾದ್ರೊಳಗೆ ಬಂದ್ಬುಡ್ತೀನಿ" ಎಂದು ಹೊರಟರು.

ಎಸರು ಕುದಿಯಿತು. ನೀರು ಬತ್ತಿತು, ಮತ್ತೆ ಹಾಕಿದೆ. ಅದೂ ಬತ್ತಿತು. ಬೀದಿಗಿಳಿದು ಹುಡುಕಿದೆ. ಆಫೀಸಿನ ಕೆಲಸಕ್ಕೆ ಕೊಳತ್ತೂರಿಗೆ ಹೋಗಿದ್ದ ಯಜಮಾನರಿಗೆ ಫೋನು ಮಾಡಿದೆ. ಬಸ್ಸಿನ ಹಾರನ್ನಿನ ನಡುವೆ ಅವರು ಕೂಗಿದರು: "ಅವ್ವನ್ ಒಂಟಿಯಾಗಿ ಯಾಕ್ ಬಿಟ್ಟೆ? ಮೇಟ್ಟೂರು ಬಸ್ ಅತ್ತಿದ್ದೀನಿ, ಅಲ್ಲಿಂದ ಸೇಲಂಗೆ ಬತ್ತೀನಿ, ನೀನ್ ಉಡುಕ್ತಾ ಇರು."

ಮನೆಗೆ ಬಂದು ದೀಪದ ಮುಂದೆ ಕೂತೆ. ಏನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ. ಬಾಯಿಗೆ ಬಂದದ್ದು ಇಷ್ಟೇ: "ಸ್ವಾಮೀ, ನಿನ್ನ ಚೊಂಬು ಹಿಡಿದು ಹೋದವರು ಬಾಯಿ ಬಿಟ್ಟು ಹೇಳುವುದಿಲ್ಲ. ಈ ಊರಿನಲ್ಲಿ ಯಾರಾದರೂ ಒಬ್ಬರು ಅವರನ್ನು ನಂಬುವ ಹಾಗೆ ಮಾಡು."

ಆಗಲೇ ಫೋನು ಟಣ್ ಎಂದಿತು. ಆ ಫೋಟೋ!

ಹಾಕಿದವಳು ಹಿಂದಿನ ಬೀದಿಯ ಮಲರ್, ಗ್ರೂಪಿನಲ್ಲಷ್ಟೇ ಹೆಸರು ಕಂಡಿದ್ದವಳು. ನಾನು ಮನೆ ಕೇಳಿಕೊಂಡು ಓಡಿಹೋಗಿ ಗೇಟು ಬಡಿದು ಫೋಟೋ ತೋರಿಸಿದೆ.

"ಅಕ್ಕಾ, ಆ ಕಿಳವಿನಾ?" ಮುದುಕಿಯ ಸುದ್ದಿ ಎಂದು ಅವಳು ಉತ್ಸಾಹದಿಂದಲೇ ಶುರು ಮಾಡಿದಳು. "ಯಾವ ಮನೆ, ಯಾವ ಊರು ಅಂತ ಎಷ್ಟು ಕೇಳಿದರೂ ಗೋವಿಂದಾ, ಗೋವಿಂದಾ ಅಷ್ಟೇ. ಆಮೇಲೆ ಆ ಮೂಲೆಯಲ್ಲಿ ಬಿದ್ದ ಹಾಗೆ ನಟನೆ. ಬಸ್ ಸ್ಟಾಪಿನ ಕುಂಟ ಇದ್ದಾನಲ್ಲ, ಕಾಲಿಗೆ ಕಟ್ಟು ಕಟ್ಟಿಕೊಂಡು ಕೂರುವವನು? ಅವನು ಊರುಗೋಲು ಬಿಸಾಕಿ ಓಡಿ ಬಂದ ಅಕ್ಕಾ! ಎರಡು ಕಾಲಿನಲ್ಲೂ! ಅವಳನ್ನು ಹೊತ್ತುಕೊಂಡು ಒಂದೇ ಓಟ! ಎಲ್ಲಾ ಒಂದೇ ಗ್ಯಾಂಗ್!"

"ಮಲರ್, ಅವರು ನಮ್ಮತ್ತೆ ಕಣಮ್ಮಾ."

ಅವಳು "ಅಯ್ಯೋ" ಎಂದಳು. ಮರುಗಳಿಗೆ ಒಳಗೆ ಹೋಗಿ ಸ್ಕೂಟಿ ಕೀ ತಂದಳು. "ಏರಕ್ಕಾ, ಬೇಗ! ಆ ಕಡೆ ಓಡಿದ, ಅಲ್ಲೊಂದು ಕ್ಲಿನಿಕ್ ಇದೆ."

ಆ ಕುಂಟ ನಮಗೆ ಹೊಸಬನಲ್ಲ. ಅತ್ತೆ ಪೆರುಮಾಳ್ ಕೋವಿಲಿಗೆ ಹೋಗುವಾಗಲೆಲ್ಲ ಅವನಿಗೊಂದು ಪೊಟ್ಟಣ ಇಡ್ಲಿ ಕೊಡುತ್ತಿದ್ದರು. ಅವನು ಅವರನ್ನು ಪಾಟಿ, ಅಂದರೆ ಅಜ್ಜಿ, ಎನ್ನುತ್ತಿದ್ದ. ನಾನು ಒಮ್ಮೆ ಹೇಳಿದ್ದೆ, "ಅತ್ತೆ, ಅವನ ಕಾಲು ಚೆನ್ನಾಗಿದೆ. ಸಂಜೆ ಕಟ್ಟು ಬಿಚ್ಚಿ ಧರ್ಮಪುರಿ ಬಸ್ಸಿಗೆ ಓಡಿ ಹತ್ತಿದ್ದನ್ನು ಕಣ್ಣಾರೆ ನೋಡಿದ್ದೀನಿ. ನಿಜವಾಗಿ ಇಲ್ಲದವರಿಗೆ ಕೊಡೋಣ." ಅತ್ತೆ ತಿರುಗಿ ಕೇಳಿದ್ದರು, "ಕಾಲ್ ಚೆಂದಾಗಿದ್ರೆ ಒಟ್ಟೆ ಅಸಿಯಾಕಿಲ್ವಾ?" ಇಡ್ಲಿ ಪೊಟ್ಟಣ ಕಟ್ಟಿಕೊಟ್ಟಿದ್ದೆ. ಆದರೂ ಮನಸ್ಸು ಒಪ್ಪಿರಲಿಲ್ಲ.

ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಅವನು ಕೂತಿದ್ದ. ಕಾಲಿನ ಕಟ್ಟು ಬಿಚ್ಚಿ ಹೋಗಿ ಮಣ್ಣಾಗಿ ಜೋಲುತ್ತಿತ್ತು. ತೊಡೆಯ ಮೇಲೆ ನಮ್ಮ ಚೊಂಬು. ಒಳಗಿನ ಅಕ್ಕಿ ಚೆಲ್ಲದ ಹಾಗೆ ಅಂಗೈಯಿಂದ ಬಾಯಿ ಮುಚ್ಚಿ ಹಿಡಿದಿದ್ದ. ನನ್ನನ್ನು ಕಂಡು ಎದ್ದು ನಿಂತ, ನೆಟ್ಟಗೆ.

"ಪಾಟಿ ಒಳಗಿದ್ದಾರಮ್ಮಾ. ಕಣ್ಣು ಬಿಟ್ಟರು. ಡ್ರಿಪ್ ಹಾಕಿದ್ದಾರೆ."

ಒಳಗೆ ಓಡಿದೆ. ಸಕ್ಕರೆ ತೀರ ಇಳಿದುಹೋಗಿತ್ತು, ಇನ್ನು ಸ್ವಲ್ಪ ತಡವಾಗಿದ್ದರೂ ಪ್ರಾಣಕ್ಕೆ ಕಷ್ಟವಿತ್ತು ಎಂದರು ಡಾಕ್ಟರಮ್ಮ. ಅತ್ತೆ ನನ್ನ ಕೈ ಹಿಡಿದು ಮೊದಲು ಕೇಳಿದ್ದು ಏನು ಗೊತ್ತೇ? "ಚೊಂಬೆಲ್ಲೈತೆ?"

"ಇದೆ ಅತ್ತೆ. ಒಂದು ಕಾಳೂ ಚೆಲ್ಲಿಲ್ಲ."

"ಎಸರು?"

ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಬಾಗಿಲಲ್ಲಿ ನಿಂತಿದ್ದ ಮಲರ್ ಮುಂದೆ ಬಂದು ಅತ್ತೆಯ ಕಾಲು ಮುಟ್ಟಿದಳು. "ಮನ್ನಿಚ್ಚಿಡುಂಗಮ್ಮಾ" ಎಂದು ಕ್ಷಮೆ ಕೇಳಿದಳು. "ಬುಡಮ್ಮಾ, ನಾಮ ನೋಡಿ ಯೆದರ್ಕಂಡಿದ್ದೀಯ" ಎಂದು ಅತ್ತೆ ಅವಳ ಕೆನ್ನೆ ತಟ್ಟಿದರು.

ಯಾರಾದರೂ ಒಬ್ಬರು ನಂಬಲಿ ಎಂದು ಬೇಡಿದ್ದೆನಲ್ಲ! ಸ್ವಾಮಿ ಆ ನಂಬಿಕೆಯನ್ನು ಯಾರಲ್ಲಿ ಇಟ್ಟಿದ್ದ ನೋಡಿ: ಈ ಊರಿನಲ್ಲಿ ಯಾರೂ ನಂಬದವನಲ್ಲಿ. ಊರುಗೋಲು ಬಿಸಾಕಿದರೆ ನಾಳೆಯಿಂದ ಆ ಜಾಗದಲ್ಲಿ ಕೂರಲಾಗುವುದಿಲ್ಲ ಎಂದು ಅವನಿಗೆ ಗೊತ್ತಿರಲಿಲ್ಲವೇ? ಬೀದಿಯೆಲ್ಲ ನೋಡುತ್ತಿತ್ತು. ಆದರೂ ಓಡಿದ. ಮೋಸಗಾತಿ ಎಂದು ಹಾಕಿದ ಆ ಫೋಟೋವೇ ನನಗೆ ದಾರಿ ತೋರಿಸಿತು. ಇದನ್ನು ನಾನು ಸುಮ್ಮನೆ ಅದೃಷ್ಟ ಎಂದು ಹೇಳಲಾರೆ.

ಹಾಗೆಂದು ಬಂದವರಿಗೆಲ್ಲ ಕೇಳಿದ್ದನ್ನೆಲ್ಲ ಕೊಡಿ ಎಂದು ನಾನು ಹೇಳುವುದಿಲ್ಲ. ಮೋಸ ಮಾಡುವವರು ಇದ್ದಾರೆ. ಆಸ್ಪತ್ರೆ ಖರ್ಚು ಎಂದು ಬಂದರೆ ನಾನು ಈಗಲೂ ಯಾವ ಆಸ್ಪತ್ರೆ ಎಂದು ಕೇಳುತ್ತೇನೆ. ಆದರೆ ಹಸಿವು ಎಂದವರಿಗೆ ಪರೀಕ್ಷೆ ಇಲ್ಲ. ಅದೊಂದನ್ನು ತೀರ್ಮಾನಿಸಿಕೊಂಡೆ.

ಮುಂದಿನ ಶನಿವಾರ ಡಾಕ್ಟರಮ್ಮ ಹೇಳಿದಂತೆ ಅತ್ತೆ ಇಡ್ಲಿ ತಿಂದೇ ಪಡಿಗೆ ಹೊರಟರು. ಚೊಂಬು ಅವರದು, ಮಾತು ನನ್ನದು. ಯಾರು ಕೇಳಿದರೂ ನಾನು ವಿವರ ಹೇಳಿದೆ. ಮಲರ್ ಮೊರದ ತುಂಬ ಅಕ್ಕಿ ತಂದು ಸುರಿದಳು, ಚೊಂಬು ತುಂಬಿ ನನ್ನ ಸೆರಗೂ ತುಂಬಿತು. ಒಂದೊಂದು ಮನೆಯದು ಒಂದೊಂದು ಅಕ್ಕಿ, ರೇಷನ್ನಿನದೂ ಪೊನ್ನಿಯೂ ಬೆರೆತು, ಎಂಥ ಘಮಘಮ ಅನ್ನವಾಯಿತು ಗೊತ್ತೇ!

ಎಡೆ ಇಟ್ಟು, ಮಲರ್ ಮನೆಯವರೂ ಬಂದು, ಎಲೆ ಹಾಕಿದಾಗ ಗೇಟಿನ ಹತ್ತಿರ ಅವನು ನಿಂತಿದ್ದ. ಯಜಮಾನರೇ ಹೋಗಿ ಕೈ ಹಿಡಿದು ಕರೆತಂದರು. ಕಟ್ಟಿಲ್ಲ, ಊರುಗೋಲಿಲ್ಲ, ತಲೆ ಮಾತ್ರ ತಗ್ಗಿತ್ತು.

ಅತ್ತೆ ಅನ್ನ ಬಡಿಸುತ್ತ ಕೇಳಿದರು, "ಕಾಲು ಎಂಗೈತಪ್ಪಾ?"

ಅವನು ಎಲೆ ನೋಡುತ್ತಲೇ, "ಪೆರುಮಾಳ್ ವಾಸಿ ಮಾಡಿಬಿಟ್ಟರು ಪಾಟೀ" ಎಂದ.

ಮಲರ್‌ಗೆ ನಗು ಬಂದು ನೆತ್ತಿ ಹತ್ತಿತು. ಅವನೂ ನಕ್ಕ. ಅತ್ತೆ ಮಾತ್ರ ನಗದೆ ಇನ್ನೊಂದು ಸೌಟು ಹಾಕಿದರು.

"ಕಟ್ಕಂಡಾದ್ರೂ ಬಾ, ಬಿಚ್ಕಂಡಾದ್ರೂ ಬಾ. ಒಟ್ಟೆ ಮಾತ್ರ ಅಸ್ಕಂಡ್ ಬಾ."

ಅತ್ತೆಯನ್ನು ನನಗೆ ಮರಳಿ ಕೊಟ್ಟ ಸ್ವಾಮಿಗೆ, ಆ ಎಲೆಯ ಮುಂದೆಯೇ ಕೈ ಮುಗಿದೆ. ಗೋವಿಂದಾ, ಗೋವಿಂದ!