ಬಿಳಿಗೆರೆ ಬಯಲಿನ ಕಾರ್ ರೇಸು

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಬೈಕಿನಲ್ಲಿ ಹೊರಟವನು ಬಿಳಿಗೆರೆ ಹತ್ತಿರ ಧೂಳೆದ್ದಿದ್ದು ಕಂಡು ನಿಂತೆ. ಕೊಯ್ಲಾದ ಬಯಲಲ್ಲಿ ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕು. ಹಳೇ ಕಾರುಗಳ ಹತ್ತು ಸುತ್ತಿನ ರೇಸು ಇನ್ನೇನು ಶುರುವಾಗುವುದಿತ್ತು. ಸಾಲಿನಲ್ಲಿ ಇದ್ದ ಒಬ್ಬರೇ ಹೆಂಗಸು ಮಹದೇವಮ್ಮ, ಐವತ್ತರ ಆಸುಪಾಸಿನವರು, ಹಾಲಿನ ವ್ಯಾನ್ ಓಡಿಸುವವರು.

"ಲೇಡೀಸ್ ರೇಸು ಮಧ್ಯಾಹ್ನ ಅದೆ ಕಣಕ್ಕ," ಎಂದರು ಬಾವುಟ ಹಿಡಿದಿದ್ದ ಸಂಘಟಕರು.

"ಮಧ್ಯಾಹ್ನ ಆಲಿನ ವ್ಯಾನ್ ತಗೀಬೇಕು ಸಾ. ಈಗ್ಲೇ ಓಡ್ತೀನಿ," ಎಂದವರು ಹೆಲ್ಮೆಟ್ ಬಿಗಿದುಕೊಂಡರು.

ಏಳನೇ ಸುತ್ತಿನಲ್ಲಿ ಅವರ ಕಾರಿನ ಬಾನೆಟ್ ಎದ್ದು ಮುಂದಿನ ಗಾಜಿಗೆ ಬಡಿಯಿತು. ದಾರಿಯೇ ಕಾಣದೆ ಬದಿಗೆ ನಿಲ್ಲಿಸಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಅವರು ಸೀಟಿನಡಿಯಿಂದ ಸ್ಪ್ಯಾನರ್ ತೆಗೆದು, ಯಾರ ನೆರವನ್ನೂ ಕೇಳದೆ ಬೋಲ್ಟು ಬಿಚ್ಚಿ, ಬಾನೆಟ್ಟನ್ನು ಗದ್ದೆಗೆ ಎಸೆದು, ಬರಿಯ ಎಂಜಿನ್ ತೋರಿಸಿಕೊಂಡೇ ಮತ್ತೆ ಹೊರಟರು.

ಅಷ್ಟರಲ್ಲಿ ಉಳಿದವರೆಲ್ಲ ಗುರಿ ಮುಟ್ಟಿದ್ದರು. ಗೆದ್ದವನ ಜೊತೆ ಫೋಟೊ ತೆಗೆಸಿಕೊಳ್ಳಲು ನಾವೆಲ್ಲ ಟ್ರ್ಯಾಕಿಗೇ ಇಳಿದಿದ್ದೆವು. ಮಹದೇವಮ್ಮನ ಕಾರು ಎದುರಿಗೆ ಬಂತು. ಸಂಘಟಕರು ಕೈ ಅಡ್ಡ ಮಾಡಿದರು.

"ರೇಸು ಮುಗೀತು, ಇಳೀರಿ ಅಕ್ಕ."

"ನಿಮ್ದು ಮುಗೀತು ಸಾ. ನಂಗಿನ್ನೂ ಮೂರು ಸುತ್ತು ಅದೆ. ಜರುಗಿ."

ಅವರು ಎಂಜಿನ್ ಆರಿಸಲಿಲ್ಲ. ನಾವೆಲ್ಲ ಜರುಗಿದೆವು.