ಅಗಲದ ತೊಟ್ಟಿ, ನೂಲಿನ ನೀರು

ನಮ್ಮ ಬಚ್ಚಲಮನೆಯ ನಲ್ಲಿ ತಿರುಗಿಸಿ ಬಕೆಟ್ ಇಟ್ಟು, ನಾನು ಹಲ್ಲುಜ್ಜಿ, ಗಡ್ಡ ಕೆರೆದು, ಕೊಡಿಗೇಹಳ್ಳಿ ಸರ್ಕಲ್ಲಿನವರೆಗೆ ನಡೆದು ಬೀಡಿಕಟ್ಟು ತಂದರೂ ಅದು ಅರ್ಧಕ್ಕೇ ನಿಂತಿರುತ್ತಿತ್ತು. ನಾನೇ ಕಟ್ಟಿದ ತೊಟ್ಟಿಯಿಂದ ನೂಲಿನಂತೆ ಇಳಿಯುವ ಆ ನೀರನ್ನು ಕಂಡಾಗಲೆಲ್ಲ ನನ್ನ ಪಿತ್ತ ನೆತ್ತಿಗೇರುತ್ತಿತ್ತು. ಏರದೆ ಏನು, ನೀವೇ ಹೇಳಿ? ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಗಾರೆಯ ಕರಣೆ ಹಿಡಿದವನು ನಾನು. ಹೆಬ್ಬಾಳದಿಂದ ಯಲಹಂಕದವರೆಗೆ ಎಷ್ಟೋ ಮಹನೀಯರು ನಾನು ಕಟ್ಟಿದ ಗೋಡೆಗಳ ನಡುವೆ ಸುಖನಿದ್ರೆ ಮಾಡುತ್ತಿದ್ದರು.

ಬಾವಿ ಸೇದಿ ಸೇದಿ ನನ್ನ ಹೆಂಡತಿ ಜಯಮ್ಮನ ಬಲಭುಜ ಹಿಡಿದುಕೊಂಡಿತ್ತು. ಇನ್ನು ನೀನು ಹಗ್ಗ ಮುಟ್ಟುವ ಹಾಗಿಲ್ಲ ಎಂದು ಮಾತು ಕೊಟ್ಟು, ಬಾವಿಗೆ ಮೋಟಾರು ಕೂರಿಸಿ, ಬಚ್ಚಲಮನೆಯ ಗಿಡ್ಡ ತಾರಸಿಯ ಮೇಲೆ ತೊಟ್ಟಿ ಕಟ್ಟಲು ನಿಂತೆ.

"ರೀ, ದೊಡ್ಡ ತಾರಸಿ ಮೇಲೆ ಕಟ್ಬಾರ್ದಾ? ಎತ್ತರದಲ್ಲಿದ್ರೆ ಜೋರಾಗಿ ಬರಲ್ವಾ?" ಎಂದಳು.

"ಗಾರೆ ಕೆಲ್ಸ ನಿಂಗೇನೇ ಗೊತ್ತು? ಸುಮ್ನಿರು."

ನೀರು ಹೆಚ್ಚಿದಷ್ಟೂ ಭಾರ, ಭಾರ ಹೆಚ್ಚಿದಷ್ಟೂ ರಭಸ ಎಂಬುದು ನನ್ನ ಸ್ವಯಂಭೂ ಸಿದ್ಧಾಂತ. ಆದ್ದರಿಂದ ಎಮ್ಮೆಯೊಂದು ಕಾಲು ಚಾಚಿ ಮಲಗುವಷ್ಟು ಅಗಲಕ್ಕೆ ಕಟ್ಟಿದೆ. ನೀರು ನೂಲಾದಾಗ ನಲ್ಲಿ ಬದಲಿಸಿದೆ, ಪೈಪು ಕುಟ್ಟಿದೆ, ನಲ್ಲಿ ಮಾರಿದವನ ವಂಶವನ್ನೆಲ್ಲ ಸ್ಮರಿಸಿದೆ. ಕಡೆಗೆ ಮೋಟಾರು ರಿಪೇರಿಯ ಮುನಿರಾಜು ಬಂದು ಮೇಲೆ ಹತ್ತಿ ನೋಡಿ ನಕ್ಕ.

"ಅಣ್ಣಾ, ಇದ್ರಲ್ಲಿ ಈಜು ಕಲೀಬೋದು, ಸ್ನಾನ ಮಾಡಕ್ಕಾಗಲ್ಲ. ಅಗಲ ಕಟ್ಕೊಂಡು ಏನ್ ಮಾಡ್ತೀಯಾ? ಎತ್ತರ ಬೇಕು ಕಣಣ್ಣಾ."

"ನಂಗೇ ಹೇಳ್ಕೊಡಕ್ ಬಂದ್ಯೇನೋ? ಇಳಿಯೋ ಕೆಳಗೆ!"

ಅವನು ಹೋದ ಮೇಲೆ ಹಿತ್ತಲಲ್ಲಿ ರಾಟೆ ಕಿರುಗುಟ್ಟಿತು. ನಾನೂ ಕೆಲಸಕ್ಕೆ ಹೊರಟೆನೆಂದುಕೊಂಡ ಜಯಮ್ಮ ಬಲಗೈಯನ್ನು ಸೊಂಟಕ್ಕೆ ಒತ್ತಿಕೊಂಡು, ಎಡಗೈಯಲ್ಲೇ ಒಂದೊಂದು ಮೊಳ ಹಗ್ಗ ಎಳೆದು ಕಾಲಡಿ ಮೆಟ್ಟಿ ಹಿಡಿಯುತ್ತಿದ್ದಳು. ಹೀಗೆ ಎಷ್ಟು ದಿನದಿಂದ ನಡೆದಿತ್ತೋ! ನಾನು ಕೆಲಸಕ್ಕೆ ಹೋದ ಮೇಲೆ ಸೇದಿ, ನಾನು ಬರುವಷ್ಟರಲ್ಲಿ ಹಂಡೆ ತುಂಬಿಸಿಡುತ್ತಿದ್ದಳು. ನಾನೋ, ನೂಲಾದರೂ ದಿನವಿಡೀ ಇಳಿದು ತುಂಬಿತಲ್ಲ, ಅದು ನನ್ನ ತೊಟ್ಟಿಯ ಪ್ರತಾಪವೆಂದುಕೊಂಡು ಹಾಯಾಗಿ ಮೀಯುತ್ತಿದ್ದೆ.

"ಹೇಳೋಕೇನಾಗಿತ್ತೇ ನಿಂಗೆ?" ಎಂದು ಕಿರುಚಿ ಹಗ್ಗ ಕಿತ್ತುಕೊಂಡೆ.

"ಹೇಳಿದ್ನಲ್ಲ, ಕಟ್ಟೋಕ್ ಮುಂಚೆ."

ಆರನೇ ಕೊಡಕ್ಕೆ, ಇಟ್ಟಿಗೆ ಹೊತ್ತು ಪಳಗಿದ ನನ್ನ ಭುಜವೇ ಉರಿಯಿತು. ಅಷ್ಟು ದಿನ ನಲ್ಲಿಯ ಮೇಲೆ, ಅಂಗಡಿಯವನ ಮೇಲೆ, ಮುನಿರಾಜನ ಮೇಲೆ ಹಂಚಿದ್ದ ಸಿಟ್ಟೆಲ್ಲ ತನ್ನ ನಿಜವಾದ ವಿಳಾಸ ಹುಡುಕಿಕೊಂಡು ಬಂದು ನನ್ನ ಎದೆಯಲ್ಲೇ ಕೂತಿತು.

ಮರುದಿನ ಬೆಳಿಗ್ಗೆ, ಬೀದಿಯವರೆಲ್ಲ ನೋಡುತ್ತಿರುವಂತೆಯೇ ಸುತ್ತಿಗೆ ಹಿಡಿದು ಹತ್ತಿದೆ. ತೊಟ್ಟಿಯ ಗೋಡೆಗೆ ಮೊದಲ ಏಟನ್ನು ಕೋಪದಲ್ಲೇ ಬೀಸಿದೆ. ಬುಟ್ಟಿ ಹಿಡಿದು ಕೆಳಗೆ ನಿಂತಿದ್ದ ಜಯಮ್ಮ ಕೂಗಿದಳು:

"ಮೆಲ್ಲಗೆ ಹೊಡೀರಿ, ಇಟ್ಟಿಗೆ ಮುರಿದೀತು. ದೊಡ್ಡ ತಾರಸಿ ಮೇಲೆ ಕಟ್ಟೋಕೆ ಬೇಕು."